ಗುಲಾಬಿ ಮೆಣಸು ಮೆಣಸಲ್ಲ: ಗೋಡಂಬಿ ಅಲರ್ಜಿ ಇರುವವರ ಮನೆಯವರು ದಯವಿಟ್ಟು ಓದಿ

ನಿಮ್ಮ ಮನೆಯಲ್ಲಿ ಅಥವಾ ನೀವು ಊಟಕ್ಕೆ ಕರೆಯುವವರಲ್ಲಿ ಯಾರಿಗಾದರೂ ಗೋಡಂಬಿ ಇಲ್ಲವೇ ಪಿಸ್ತಾದ ಅಲರ್ಜಿ ಇದ್ದರೆ, ನಿಮ್ಮ ಪೆಪ್ಪರ್ ಗ್ರೈಂಡರಿನ ಮುಚ್ಚಳ ತೆಗೆದು ಒಳಗಿರುವ ಕಾಳುಗಳನ್ನು ಒಮ್ಮೆ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಕಪ್ಪು, ಬಿಳಿ, ಹಸಿರು ಕಾಳುಗಳ ನಡುವೆ ಗುಲಾಬಿ ಬಣ್ಣದ, ಬೆರಳಲ್ಲಿ ಒತ್ತಿದರೆ ಸಿಪ್ಪೆ ಪುಡಿಯಾಗುವಷ್ಟು ನಾಜೂಕಾದ ಕಾಳುಗಳಿದ್ದರೆ, ಅವರ ಊಟಕ್ಕೆ ಆ ಗ್ರೈಂಡರನ್ನು ಬಳಸಬೇಡಿ. ಕಳೆದ ಜನವರಿಯಲ್ಲಿ ನಮ್ಮ ಮನೆಯಲ್ಲಿ, ನಾನೇ ಮಾಡಿ ನಾನೇ ಬಡಿಸಿದ ಅಡುಗೆಯಿಂದ, ಗೆಳತಿಯ 9 ವರ್ಷದ ಮಗಳು ಉಸಿರಿಗಾಗಿ ಒದ್ದಾಡಿದಳು. ಅವಳು ಈಗ ಆರೋಗ್ಯವಾಗಿದ್ದಾಳೆ. ಅವಳ ತಾಯಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ನಾನು ಕುಮಟಾ ಕಡೆಯವಳು. 13 ವರ್ಷಗಳಿಂದ ಇಂಗ್ಲೆಂಡಿನಲ್ಲಿದ್ದೇನೆ. ಅಜ್ಜನ ತೋಟದಲ್ಲಿ ಅಡಿಕೆ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಗಳನ್ನೂ ಮನೆಯ ಹಿಂದಿನ ಬೇಣದಲ್ಲಿ ಗೇರು ಮರಗಳನ್ನೂ ನೋಡುತ್ತ ಬೆಳೆದವಳಾದ್ದರಿಂದ, ಇವೆರಡರ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಹೆಚ್ಚೇನೂ ಇರಲಾರದು ಎಂದೇ ನಂಬಿದ್ದೆ. ಇಲ್ಲಿಗೆ ಬಂದ ಮೇಲೆ ಬೇರೆ ಬೇರೆ ದೇಶಗಳ ಮಸಾಲೆಗಳನ್ನು ತಂದು ಅಡುಗೆ ಮಾಡುವ ಆಸಕ್ತಿ ಬೆಳೆಯಿತು. ಲೆಬನಾನಿನವರ ಜಾತರ್, ಇಥಿಯೋಪಿಯದ ಬೆರ್ಬೆರೆ, ಸ್ಪೇನಿನಲ್ಲಿ ಹೊಗೆಯಲ್ಲಿ ಒಣಗಿಸಿ ಮಾಡುವ ಕೆಂಪು ಮೆಣಸಿನ ಪುಡಿ, ನಾಲಿಗೆಯನ್ನು ಜುಮ್ಮೆನ್ನಿಸುವ ಸಿಚುವಾನಿನ ಕಾಳು ಇವೆಲ್ಲ ನಮ್ಮ ಸಾಸಿವೆ, ಕೊತ್ತಂಬರಿ ಬೀಜಗಳ ಡಬ್ಬಿಗಳ ಪಕ್ಕದಲ್ಲಿ ಜಾಗ ಪಡೆದವು. ನಾಲ್ಕು ಬಣ್ಣದ ಮೆಣಸಿನ ಮಿಶ್ರಣವನ್ನು ಕೊಂಡದ್ದೂ ಆ ಆಸಕ್ತಿಯಿಂದಲೇ.

ಆ ದಿನ ಊಟಕ್ಕೆ ಬಂದಿದ್ದವರು ಹಾಸನದ ಕಡೆಯ ಕುಟುಂಬದವರು. ಅವರ ಮಗಳಿಗೆ 2 ವರ್ಷವಾಗಿದ್ದಾಗ ಯಾರೋ ಪ್ರೀತಿಯಿಂದ ಬಾಯಿಗಿಟ್ಟ ಗೋಡಂಬಿ ಬರ್ಫಿಯ ಚೂರಿನಿಂದ ಅಲರ್ಜಿ ಗೊತ್ತಾಗಿತ್ತು. ಆದ್ದರಿಂದ ನಾನು ಎಚ್ಚರ ತಪ್ಪಿರಲಿಲ್ಲ. ಕುರ್ಮಾಕ್ಕೆ ಗೋಡಂಬಿಯ ಬದಲು ಗಸಗಸೆ ಮತ್ತು ತೆಂಗಿನಕಾಯಿ ರುಬ್ಬಿದ್ದೆ. ಪಾಯಸಕ್ಕೆ ದ್ರಾಕ್ಷಿ ಮಾತ್ರ ಹಾಕಿದ್ದೆ. ಹಿಂದೆ ಗೋಡಂಬಿ ಅರೆದಿದ್ದ ಮಿಕ್ಸಿ ಜಾರನ್ನು ಮುಟ್ಟಿರಲಿಲ್ಲ. ಹಿಂದಿನ ದಿನವೇ ಅವಳ ತಾಯಿಗೆ ಫೋನ್ ಮಾಡಿ ಪ್ರತಿಯೊಂದು ಪದಾರ್ಥವನ್ನೂ ಹೇಳಿದ್ದೆ. ಅವರೂ ಸಮಾಧಾನದಿಂದ, "ನೀವಿಷ್ಟು ನೋಡ್ಕೊಂಡಿದ್ದೀರಲ್ಲ ಅಕ್ಕ, ನಂಗೇನೂ ಭಯ ಇಲ್ಲ" ಎಂದಿದ್ದರು. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ. ಆ ಪಟ್ಟಿಯಲ್ಲಿ "ಮೆಣಸು" ಎಂದೂ ಹೇಳಿದ್ದೆ. ಯಾವ ಮೆಣಸು ಎಂದು ಅವರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಮಕ್ಕಳಿಗೆಂದು ಗಟ್ಟಿ ಮೊಸರಿನಲ್ಲಿ ಸೌತೆಕಾಯಿ ಕಲಸಿ, ಬಡಿಸುವ ಮುನ್ನ ಅದರ ಮೇಲೆ ಆ ಮಿಶ್ರಣವನ್ನು ತಾಜಾ ಅರೆದು ಉದುರಿಸಿದೆ. ಬಿಳಿಯ ಮೊಸರಿನ ಮೇಲೆ ಗುಲಾಬಿ ಚೂರುಗಳು ಚೆನ್ನಾಗಿ ಕಾಣುತ್ತಿದ್ದವು; ಮಗು ಎರಡನೆಯ ಸಲ ಕೇಳಿ ಹಾಕಿಸಿಕೊಂಡಳು. ಹತ್ತು ನಿಮಿಷವೂ ಆಗಿರಲಿಲ್ಲ, "ಆಂಟೀ, ನಾಲಿಗೆ ತುರಿಸ್ತಿದೆ" ಎಂದಳು. ಮೆಣಸಿನ ಖಾರವಿರಬಹುದೆಂದು ನಾನು ನೀರು ಕೊಟ್ಟೆ. ಆ ಎರಡು ನಿಮಿಷ ನಾನು ಕಳೆದುಕೊಳ್ಳಬಾರದಿತ್ತು. ಅಷ್ಟರಲ್ಲಿ ತುಟಿ ಊದಿಕೊಂಡಿತು, ಕುತ್ತಿಗೆಯ ಮೇಲೆ ಗಂಧೆ ಎದ್ದಿತು, ದನಿ ಒಡೆಯಿತು, ತಿಂದದ್ದೆಲ್ಲ ವಾಂತಿಯಾಯಿತು. ಅವಳ ತಾಯಿ ಕ್ಷಣವೂ ತಡಮಾಡದೆ ಚೀಲದಿಂದ ಅಡ್ರಿನಾಲಿನ್ ಪೆನ್ನನ್ನು (ತೀವ್ರ ಅಲರ್ಜಿಗೆಂದು ಜೊತೆಯಲ್ಲೇ ಇಟ್ಟುಕೊಳ್ಳುವ ಚುಚ್ಚುಮದ್ದು) ತೆಗೆದು ಬಟ್ಟೆಯ ಮೇಲಿನಿಂದಲೇ ತೊಡೆಯ ಹೊರಭಾಗಕ್ಕೆ ಚುಚ್ಚಿದರು. ನನ್ನ ಪತಿ 999ಕ್ಕೆ ಕರೆ ಮಾಡಿದರು. ಮಗುವನ್ನು ಮಲಗಿಸಿ ಕಾಲಿನ ಕೆಳಗೆ ದಿಂಬು ಇಟ್ಟೆವು. 5 ನಿಮಿಷವಾದರೂ ಉಸಿರು ಸುಧಾರಿಸದಿದ್ದುದರಿಂದ ಎರಡನೆಯ ಪೆನ್ನನ್ನೂ ಬಳಸಬೇಕಾಯಿತು. ಅಂಬುಲೆನ್ಸ್ ಬರುವ ಹೊತ್ತಿಗೆ ಅವಳು ಸ್ವಲ್ಪ ಚೇತರಿಸಿಕೊಂಡಿದ್ದಳು. ಇಂಥ ಪ್ರತಿಕ್ರಿಯೆ ಒಮ್ಮೆ ಇಳಿದು ಕೆಲವು ಗಂಟೆಗಳ ಬಳಿಕ ಮತ್ತೆ ಏರುವ ಸಂಭವವಿರುವುದರಿಂದ ಆ ರಾತ್ರಿಯಿಡೀ ಆಸ್ಪತ್ರೆಯಲ್ಲಿ ಇರಿಸಿಕೊಂಡರು.

ಆಸ್ಪತ್ರೆಯಲ್ಲಿ ವೈದ್ಯರು ಊಟದಲ್ಲಿ ಏನೇನಿತ್ತು ಎಂದು ಒಂದೊಂದಾಗಿ ಕೇಳಿದರು. ನಾನು ಗೋಡಂಬಿ ಇರಲೇ ಇಲ್ಲವೆಂದು ಮತ್ತೆ ಮತ್ತೆ ಹೇಳುತ್ತಿದ್ದೆ. ಕೊನೆಗೆ ಮೊಸರು, ಸೌತೆಕಾಯಿ, ಉಪ್ಪು, ಮಿಶ್ರ ಮೆಣಸು ಎಂದಾಗ ಅವರು ತಲೆಯೆತ್ತಿ, ಅದರಲ್ಲಿ ಗುಲಾಬಿ ಬಣ್ಣದ ಕಾಳಿತ್ತೇ ಎಂದು ಕೇಳಿದರು. ಕೆಲವು ವಾರಗಳ ಬಳಿಕ ಅಲರ್ಜಿ ಚಿಕಿತ್ಸಾಲಯದಲ್ಲಿ ನನ್ನ ಡಬ್ಬಿಯ ಅದೇ ಕಾಳುಗಳಿಂದ ಮಾಡಿದ ಚರ್ಮ ಪರೀಕ್ಷೆಯಲ್ಲಿ ಕಾರಣ ಖಚಿತವಾಯಿತು. ಕರಿಮೆಣಸಿಗೆ ಅವಳ ಚರ್ಮದಲ್ಲಿ ಏನೂ ಆಗಲಿಲ್ಲ.

ಆಮೇಲೆ ಓದಿ, ಕೇಳಿ ತಿಳಿದದ್ದನ್ನು ಇಲ್ಲಿ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇದು ನನಗೆ ಮೊದಲೇ ತಿಳಿದಿದ್ದರೆ ಆ ಸಂಜೆ ಹಾಗಾಗುತ್ತಿರಲಿಲ್ಲ. ಕಪ್ಪು, ಬಿಳಿ, ಹಸಿರು ಮೆಣಸು ಮೂರೂ ಒಂದೇ ಬಳ್ಳಿಯವು, ನಮ್ಮ ಪಶ್ಚಿಮ ಘಟ್ಟದ ಮೆಣಸಿನ ಬಳ್ಳಿಯವು. ಎಳೆಯದಾಗಿದ್ದಾಗ ಕೊಯ್ದು ಹಸಿರನ್ನು ಉಳಿಸಿಕೊಂಡರೆ ಹಸಿರು, ಬಲಿತದ್ದನ್ನು ಕೊಯ್ದು ಒಣಗಿಸಿದರೆ ಕಪ್ಪು, ಹಣ್ಣಿನ ಸಿಪ್ಪೆ ಕಳೆದರೆ ಬಿಳಿ. ಗುಲಾಬಿ ಕಾಳು ಬಳ್ಳಿಯದೇ ಅಲ್ಲ. ಅದು ದಕ್ಷಿಣ ಅಮೆರಿಕದ ಸ್ಕೈನಸ್ ಎಂಬ ಮರಗಳ ಹಣ್ಣು. ಒಂದು ಬಗೆ ಬ್ರೆಜಿಲ್ ಕಡೆಯದು, ಇನ್ನೊಂದು ಪೆರುವಿನ ಕಡೆಯದು. ಬ್ರೆಜಿಲಿನ ಬಗೆಯನ್ನು ಹಿಂದೂ ಮಹಾಸಾಗರದ ಮಡಗಾಸ್ಕರ್ ಮತ್ತು ರಿಯೂನಿಯನ್ ದ್ವೀಪಗಳಲ್ಲಿಯೂ ಬೆಳೆಯುತ್ತಾರೆ. ಈ ಸ್ಕೈನಸ್ ಸೇರಿರುವುದು ಗೇರು, ಪಿಸ್ತಾ, ಮಾವು, ಅಮಟೆ, ಚಾರೋಳಿ, ಕೇರುಗಳ ಸಸ್ಯಕುಟುಂಬಕ್ಕೆ. ಗೋಡಂಬಿಯ ಬೀಜದಲ್ಲಿರುವ ಪ್ರೋಟೀನುಗಳನ್ನು ಹೋಲುವ ಪ್ರೋಟೀನುಗಳು ಗುಲಾಬಿ ಕಾಳಿನ ಒಳಗಿನ ಬೀಜದಲ್ಲಿಯೂ ಇರುವುದರಿಂದ, ಗೋಡಂಬಿಯನ್ನು ಶತ್ರುವೆಂದು ಗುರುತಿಸಲು ಕಲಿತ ದೇಹ ಇದನ್ನೂ ಶತ್ರುವೆಂದೇ ಎಣಿಸಬಲ್ಲದು. ಗೋಡಂಬಿ ಅಲರ್ಜಿ ಇರುವವರಿಗೆ ಗುಲಾಬಿ ಕಾಳಿನಿಂದ ತೀವ್ರ ಪ್ರತಿಕ್ರಿಯೆಯಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಎಲ್ಲರಿಗೂ ಹೀಗಾಗುತ್ತದೆಂದಲ್ಲ, ಆದರೆ ಯಾರಿಗೆ ಆಗುತ್ತದೆಂದು ಊಟದ ಮೇಜಿನಲ್ಲಿ ಪರೀಕ್ಷಿಸಿ ತಿಳಿಯುವ ವಿಷಯ ಇದಲ್ಲ.

ನಮ್ಮ ಕರಾವಳಿಯವರಿಗೆ ಇಲ್ಲಿ ಒಂದು ಗೊಂದಲವಾಗಬಹುದು, ನನಗೂ ಆಗಿತ್ತು. ಹಸಿ ಗೇರುಬೀಜದ ಸೊನೆ ತಾಗಿ ಬಾಯಿ, ಕೈ ಸುಟ್ಟುಕೊಂಡವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಅದು ಸಿಪ್ಪೆಯ ಎಣ್ಣೆಯಿಂದ ಚರ್ಮಕ್ಕಾಗುವ ತೊಂದರೆ. ನಾನು ಹೇಳುತ್ತಿರುವುದು ಸಿಪ್ಪೆ ಸುಲಿದು, ಹುರಿದು, ಶುದ್ಧವಾದ ತಿರುಳಿನ ಪ್ರೋಟೀನಿನಿಂದ ನಿಮಿಷಗಳಲ್ಲಿ ಇಡೀ ದೇಹವನ್ನು ಆವರಿಸುವ ಅಲರ್ಜಿಯ ಬಗ್ಗೆ. ಇನ್ನೊಂದು ಮಾತು: ಈ ಮಗು ಮಾವಿನ ಹಣ್ಣನ್ನು ಚಿಕ್ಕಂದಿನಿಂದ ತಿನ್ನುತ್ತಿದ್ದಾಳೆ, ಅವಳಿಗೆ ಏನೂ ಆಗಿಲ್ಲ. ಒಂದೇ ಕುಟುಂಬದ ಮಾವು ಒಗ್ಗಿತೆಂದು ಇನ್ನೊಂದೂ ಒಗ್ಗುತ್ತದೆಂದು ಹೇಳುವಂತಿಲ್ಲ, ಏಕೆಂದರೆ ಮಾವಿನಲ್ಲಿ ನಾವು ತಿನ್ನುವುದು ತಿರುಳನ್ನು, ಓಟೆಯೊಳಗಿನ ಬೀಜವನ್ನಲ್ಲ.

ನನ್ನನ್ನು ದಾರಿ ತಪ್ಪಿಸಿದ್ದು ಹೆಸರು. ಮೆಣಸಿನ ಹೆಸರು ಲೋಕದಲ್ಲೆಲ್ಲ ಹೀಗೆ ಕಂಡಕಂಡ ಕಾಳಿಗೆ ಅಂಟಿಕೊಂಡಿದೆ. ಪೋರ್ಚುಗೀಸರು 16ನೇ ಶತಮಾನದಲ್ಲಿ ಅಮೆರಿಕದ ಕಡೆಯಿಂದ ತಂದ ಖಾರದ ಕಾಯಿಗೆ ನಮ್ಮವರೂ ಮೆಣಸಿನಕಾಯಿ ಎಂದೇ ಹೆಸರಿಟ್ಟರು. ಕರಾವಳಿಯಲ್ಲಿ ಈಗಲೂ ಒಣಮೆಣಸು ಎಂದರೆ ಅದೇ. ಅದೇ ಪೋರ್ಚುಗೀಸರು ಬ್ರೆಜಿಲಿನಿಂದ ತಂದದ್ದು ಗೇರನ್ನು. ಸಿಚುವಾನಿನ "ಮೆಣಸು" ನಿಂಬೆಯ ಕುಟುಂಬದ್ದು, ಕೊಂಕಣಿಗರ ಅಡುಗೆಯ ತೆಪ್ಪಳಕ್ಕೆ ಹತ್ತಿರದ ನಂಟು. ಜಮೈಕಾದ "ಮೆಣಸು" ಎನ್ನಿಸಿಕೊಳ್ಳುವ ಆಲ್‌ಸ್ಪೈಸ್ ಲವಂಗ ಮತ್ತು ನೇರಳೆಯ ಕುಟುಂಬದ್ದು. ಹೆಸರು ಕೊಟ್ಟವರು ವ್ಯಾಪಾರಿಗಳು. ಅಲರ್ಜಿ ನೋಡುವುದು ಗಿಡದ ಕುಲವನ್ನು.

ಇದರಲ್ಲಿ ಅಂಗಡಿಯವರ ತಪ್ಪಿಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಬ್ರಿಟನ್ನಿನ ನಿಯಮದಂತೆ 14 ಅಲರ್ಜಿಕಾರಕ ಪದಾರ್ಥಗಳನ್ನು ಪೊಟ್ಟಣದ ಪಟ್ಟಿಯಲ್ಲಿ ಎದ್ದು ಕಾಣುವಂತೆ ಮುದ್ರಿಸಬೇಕು. ಅದರಲ್ಲಿ ಗೋಡಂಬಿ, ಪಿಸ್ತಾ ಇವೆ, ಎಳ್ಳಿದೆ, ನಮ್ಮ ಒಗ್ಗರಣೆಯ ಸಾಸಿವೆಯೂ ಇದೆ. ಗುಲಾಬಿ ಕಾಳು ಇಲ್ಲ. ನನ್ನ ಡಬ್ಬಿಯ ಮೇಲೆ "ಪಿಂಕ್ ಪೆಪ್ಪರ್‌ಕಾರ್ನ್" ಎಂದು ಬರೆದೇ ಇತ್ತು. ದಪ್ಪ ಅಕ್ಷರದಲ್ಲಿ ಇರಲಿಲ್ಲ ಅಷ್ಟೇ. ದಪ್ಪ ಅಕ್ಷರಗಳನ್ನು ಮಾತ್ರ ಓದಿ ಡಬ್ಬಿಯನ್ನು ಕೆಳಗಿಡುವ ಅಭ್ಯಾಸ ನನಗಿತ್ತು. ಭಾರತದಲ್ಲಿ 2020ರ ಆಹಾರ ಲೇಬಲ್ ನಿಯಮಗಳು ಹೇಳುವ ಅಲರ್ಜಿ ಪಟ್ಟಿಯಲ್ಲಿಯೂ ಈ ಕಾಳಿನ ಹೆಸರಿಲ್ಲ. ಊರಿನಲ್ಲಿಯೂ ದೊಡ್ಡ ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿ ಈ ಬಣ್ಣದ ಮಿಶ್ರಣ ಈಗ ಸಿಗುತ್ತಿರುವುದರಿಂದ ಇದು ಹೊರದೇಶದಲ್ಲಿರುವವರ ಚಿಂತೆ ಮಾತ್ರವಲ್ಲ.

ಗುಲಾಬಿ ಕಾಳು ಗ್ರೈಂಡರಿನಲ್ಲಿ ಮಾತ್ರ ಇರುವುದಿಲ್ಲ. ಕೆಲವು ಚಾಕೊಲೇಟುಗಳಲ್ಲಿ, ಚೀಸಿನ ಹೊರಪದರದಲ್ಲಿ, ಸಲಾಡಿನ ಡ್ರೆಸಿಂಗುಗಳಲ್ಲಿ, ಮಸಾಲೆ ಚಹಾದ ಮಿಶ್ರಣಗಳಲ್ಲಿ, ಅಲಂಕಾರವಾಗಿ ಪಾನೀಯಗಳ ಮೇಲೆಯೂ ಇರುತ್ತದೆ. ಇದರ ಹೆಸರು ಫ್ರೆಂಚ್ ಅಡುಗೆಯಲ್ಲಿ "ಬೇ ರೋಜ್". ಇಂಗ್ಲಿಷಿನಲ್ಲಿ ರೋಸ್ ಪೆಪ್ಪರ್, ಬ್ರೆಜಿಲಿಯನ್ ಪೆಪ್ಪರ್ ಎಂದೂ ಬರೆಯುತ್ತಾರೆ. ಹೋಟೆಲಿನಲ್ಲಿ "ಗೋಡಂಬಿ ಹಾಕಿದ್ದೀರಾ" ಎಂದು ಕೇಳಿದರೆ ಇಲ್ಲವೆಂದೇ ಉತ್ತರ ಬರುತ್ತದೆ, ಅದು ಸತ್ಯವೂ ಆಗಿರುತ್ತದೆ. ಆದ್ದರಿಂದ ಈ ಕಾಳನ್ನು ಹೆಸರಿಟ್ಟು ಕೇಳಬೇಕು. ಜಾತರ್‌ನಲ್ಲಿ ಬಳಸುವ, ಹುಳಿ ರುಚಿಯ ಸುಮಾಕ್ ಕೂಡ ಇದೇ ಕುಟುಂಬದ ಗಿಡದ ಹಣ್ಣು; ಅದರ ಬಗ್ಗೆಯೂ ನಿಮ್ಮ ಅಲರ್ಜಿ ವೈದ್ಯರನ್ನು ಕೇಳಿದ ಮೇಲೆಯೇ ಬಳಸಿ. ಎಳ್ಳು ಅಥವಾ ಬೇರೆ ಬೀಜಗಳ ಅಲರ್ಜಿ ಇರುವವರಿಗೂ ಒಂದು ಮಾತು: ಜಾತರ್‌ನಲ್ಲಿ ಎಳ್ಳು ಇರುತ್ತದೆ, ಈಜಿಪ್ಟಿನ ದುಕ್ಕಾ ಎಂಬ ಮಸಾಲೆ ಮಿಶ್ರಣದಲ್ಲಿ ಸಾಮಾನ್ಯವಾಗಿ ಹೇಜಲ್‌ನಟ್ ಇರುತ್ತದೆ.

ಪುಡಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 2014ರ ಕೊನೆಯಿಂದ 2015ರಲ್ಲಿ ಅಮೆರಿಕದಲ್ಲಿ ಜೀರಿಗೆ ಪುಡಿಯಲ್ಲಿ ಶೇಂಗಾದ ಅಂಶ ಕಂಡುಬಂದು, ಅದನ್ನು ಬಳಸಿದ್ದ ನೂರಾರು ಪದಾರ್ಥಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಬ್ರಿಟನ್ನಿನಲ್ಲಿ ಬಾದಾಮಿಯಿದೆಯೆಂದು ಹಿಂಪಡೆದಿದ್ದ ಒಂದು ಜೀರಿಗೆ ಪುಡಿಯಲ್ಲಿ ನಿಜಕ್ಕೂ ಇದ್ದದ್ದು ಮಹ್ಲಬ್, ಅಂದರೆ ಪಶ್ಚಿಮ ಏಷ್ಯಾದ ರೊಟ್ಟಿಗಳಿಗೆ ಹಾಕುವ ಒಂದು ಜಾತಿಯ ಚೆರ್ರಿಯ ಓಟೆಯ ತಿರುಳು ಎಂದು ಬಳಿಕದ ಪರೀಕ್ಷೆಗಳು ತೋರಿಸಿದವು. ಅಲರ್ಜಿ ಇರುವವರಿಗೆ ಅಡುಗೆ ಮಾಡುವಾಗ ಇಡೀ ಕಾಳನ್ನು ಕೊಂಡು, ಕಣ್ಣಿಂದ ನೋಡಿ, ಮನೆಯಲ್ಲೇ ಪುಡಿ ಮಾಡುವುದನ್ನು ನಾನೀಗ ರೂಢಿ ಮಾಡಿಕೊಂಡಿದ್ದೇನೆ.

ಪ್ರತಿಕ್ರಿಯೆ ಶುರುವಾದರೆ ಖಾರವಿರಬಹುದು, ಕಾದು ನೋಡೋಣ ಎಂದು ನಾನು ಮಾಡಿದಂತೆ ಮಾಡಬೇಡಿ. ಅಲರ್ಜಿಯ ಮಾತ್ರೆ ಗಂಧೆಯನ್ನು ಇಳಿಸಬಹುದು, ಮುಚ್ಚುತ್ತಿರುವ ಗಂಟಲನ್ನು ತೆರೆಯುವುದಿಲ್ಲ. ಆ ಕೆಲಸಕ್ಕೆ ಅಡ್ರಿನಾಲಿನ್ ಬೇಕು, ಅದೂ ಬೇಗ. ರೋಗಿಯನ್ನು ಎಬ್ಬಿಸಿ ನಡೆಸಬಾರದು. ಉಸಿರಾಟಕ್ಕೆ ಕಷ್ಟವಾಗುತ್ತಿದ್ದರೆ ಒರಗಿಸಿ ಕೂರಿಸಬಹುದು.

ಆ ಗ್ರೈಂಡರನ್ನು ನಾನು ತೊಳೆದು ಇಟ್ಟುಕೊಳ್ಳಲಿಲ್ಲ. ಅದರ ಹಲ್ಲುಗಳ ನಡುವಿನ ಪುಡಿಯನ್ನು ಪೂರ್ತಿ ತೆಗೆಯುವುದು ಸಾಧ್ಯವಿರಲಿಲ್ಲ. ಮೂರು ತಿಂಗಳ ಬಳಿಕ ಅವರು ಮತ್ತೆ ಊಟಕ್ಕೆ ಬಂದರು. ಮಗು ಅಡುಗೆಮನೆಗೆ ಬಂದು ಒಂದೊಂದೇ ಡಬ್ಬಿಯನ್ನು ಎತ್ತಿ ಅದರ ಮೇಲಿನ ಸಣ್ಣ ಅಕ್ಷರಗಳನ್ನೆಲ್ಲ ತಾನೇ ಓದಿದಳು. ನಾನು ಒಲೆ ಹಚ್ಚದೆ, ಅವಳು ಕೊನೆಯ ಡಬ್ಬಿಯನ್ನು ಓದಿ ಮುಗಿಸುವವರೆಗೂ ಪಕ್ಕದಲ್ಲಿ ನಿಂತಿದ್ದೆ.