ಚೀಟಿ ಹೊಸದು, ಹೋಸ್ ಒಳಗೆ ಗೂಡು: ಅಪಾರ್ಟ್‌ಮೆಂಟ್ ಫೈರ್ ಎಎಂಸಿ ಹೇಗಿದೆ?

ದಾವಣಗೆರೆಯ ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್ ಕಡೆಯ ಅಪಾರ್ಟ್‌ಮೆಂಟ್‌ಗಳಲ್ಲಿ ಫೈರ್ ಎಎಂಸಿ (ಬೆಂಕಿ ಆರಿಸುವ ಸಲಕರಣೆಯ ವಾರ್ಷಿಕ ನಿರ್ವಹಣೆ ಕರಾರು) ಅಂದರೆ ಸಾಮಾನ್ಯವಾಗಿ ಬೆಂಕಿ ಆರಿಸುವ ಸಿಲಿಂಡರ್ ಧೂಳು ಒರೆಸಿ, ಹೊಸ ಚೀಟಿ ಅಂಟಿಸಿ, ಕಾರ್ಯದರ್ಶಿ ಹತ್ತಿರ ಸಹಿ ಹಾಕಿಸಿಕೊಂಡು ಹೋಗೋದು. ಇಲ್ಲಿ ಹೇಳುತ್ತಿರುವ ಏಜೆನ್ಸಿ ಅದಕ್ಕಿಂತ ವಾಸಿ. ಆದರೆ ಸಿಲಿಂಡರ್ ಹತ್ತಿರ ತೋರಿಸುವ ಕಾಳಜಿ ಮನೆಯವರ ಹತ್ತಿರ ಇಲ್ಲ.

6 ಕೆಜಿ ಎಬಿಸಿ ಪುಡಿ (ಕಟ್ಟಿಗೆ-ಕಾಗದ, ಪೆಟ್ರೋಲಿನಂಥ ದ್ರವ, ಗ್ಯಾಸ್ ಮೂರರ ಬೆಂಕಿಗೂ ಆಗುವಂಥದ್ದು) ತುಂಬಿದ ಸಿಲಿಂಡರ್‌ನ ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲಿದೆ ಅಂತ ಇವರು ಬಿಟ್ಟುಬಿಡಲ್ಲ. ಒಂದೊಂದನ್ನೂ ತೂಗಿ, ಲೇಬಲ್ ಮೇಲಿನ ತೂಕಕ್ಕೆ ಹೋಲಿಸಿದರು. ತಲೆಕೆಳಗು ಮಾಡಿ ಪುಡಿ ಸರಿಯುತ್ತದಾ ಅಂತ ನೋಡಿದರು. ಪುಡಿ ಗಟ್ಟಿಯಾಗಿದ್ದರೆ ಒತ್ತಡ ಎಷ್ಟಿದ್ದರೂ ಬರೀ ಗಾಳಿ ಬರುತ್ತದೆ. ಹೋಸ್ ಬಿಚ್ಚಿದಾಗ ಒಂದರ ಮೂತಿಯಲ್ಲಿ ಕಣಜದ ಹುಳು ಕಟ್ಟಿದ ಮಣ್ಣಿನ ಗೂಡು, ಬೆರಳುದ್ದ! ಹಳೇ ಚೀಟಿಯಲ್ಲಿ ಅದಕ್ಕೂ 'ಓಕೆ' ಅಂತಿತ್ತು.

ಮೂರು ವರ್ಷಕ್ಕೊಮ್ಮೆ ಆಗಬೇಕಾದ ಪ್ರೆಶರ್ ಟೆಸ್ಟಿನ ತಾರೀಖನ್ನು ಮಾತ್ರ ಕೇಳುವವರೆಗೂ ತೋರಿಸಲಿಲ್ಲ. ರೀಫಿಲ್ ಮಾಡಿಸಿದರೆ ಪುಡಿಯಲ್ಲಿ ಎಂಎಪಿ (ಬೆಂಕಿ ಆರಿಸುವ ಮುಖ್ಯ ರಾಸಾಯನಿಕ, ಮೋನೋ ಅಮೋನಿಯಂ ಫಾಸ್ಫೇಟ್) ಶೇಕಡಾ 50ಓ 90ಓ ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ, ದರದ ವ್ಯತ್ಯಾಸವೆಲ್ಲ ಅಲ್ಲೇ ಇರೋದು.

ಇನ್ನು ತರಬೇತಿ. ಹೇಳಿಕೊಟ್ಟದ್ದು ಸರಿಯಾಗಿಯೇ ಇತ್ತು: ಪಿನ್ ಎಳೆದು, ಎರಡು-ಮೂರು ಮೀಟರ್ ದೂರದಿಂದ ಬೆಂಕಿಯ ಬುಡಕ್ಕೆ ಹಿಡಿದು, ಅಡ್ಡಡ್ಡ ಬೀಸಬೇಕು. ಸಿಲಿಂಡರ್ ಹದಿನೈದಿಪ್ಪತ್ತು ಸೆಕೆಂಡಿನಲ್ಲಿ ಖಾಲಿ. ಮಿರ್ಚಿ ಕರಿಯುವ ಬಾಣಲೆ ಹತ್ತಿಕೊಂಡರೆ ಹತ್ತಿರದಿಂದ ಪುಡಿ ಹೊಡೆಯಬಾರದು, ಎಣ್ಣೆ ಚಿಮ್ಮುತ್ತದೆ. ನೀರಂತೂ ಬೇಡವೇ ಬೇಡ. ಸ್ಟೌ ಆರಿಸಿ ತಟ್ಟೆ ಮುಚ್ಚಿ. ಆದರೆ ಇದೆಲ್ಲ ನಡೆದದ್ದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ. ಬಂದವರು ವಾಚ್‌ಮನ್ ಮತ್ತು ಐದಾರು ಹಿರಿಯರು. ಪುಡಿ ಸೇರಿ ಒಂಬತ್ತು-ಹತ್ತು ಕೆಜಿ ತೂಗುವ ಸಿಲಿಂಡರನ್ನು ಮಂಡಿನೋವಿನ ಅಜ್ಜಿ ಕೈಗೆ ಕೊಟ್ಟು ಫೋಟೋ ತೆಗೆದರು. ಬಾಡಿಗೆಯವರಿಗೆ ಸುದ್ದಿಯೇ ಇಲ್ಲ.

ಬೆಂಕಿ ಬಿದ್ದರೆ ಓಡಬೇಕಾದ ಮೆಟ್ಟಿಲನ್ನು ಯಾರೂ ಇಳಿದು ನೋಡಲಿಲ್ಲ. ಅಲ್ಲಿ ಚಪ್ಪಲಿ ಸ್ಟ್ಯಾಂಡು, ಕೆಳಗೆ ಚಾರ್ಜಿಗೆ ಹಾಕಿದ ಎಲೆಕ್ಟ್ರಿಕ್ ಸ್ಕೂಟರ್. ಇಂಥದ್ದು ದಿನಾ ಓಡಾಡುವವರ ಕಣ್ಣಿಗೇ ಮೊದಲು ಬೀಳೋದು, ಅವರನ್ನು ಕೇಳಬೇಕು. ಲಂಡನ್ನಿನ 24 ಅಂತಸ್ತಿನ ಗ್ರೆನ್‌ಫೆಲ್ ಟವರ್‌ನ ನಿವಾಸಿಗಳು ಬೆಂಕಿಯ ಅಪಾಯದ ಬಗ್ಗೆ ಮೊದಲೇ ದೂರಿದ್ದರು, ಕಿವಿಗೆ ಹಾಕಿಕೊಂಡವರಿಲ್ಲ. 2017ರ ಜೂನ್ 14ರಂದು ಅಲ್ಲಿ ಬಿದ್ದ ಬೆಂಕಿಗೆ 72 ಜನ ಬಲಿಯಾದರು.

ಸಿಲಿಂಡರ್ ಕೆಲಸಕ್ಕೆ ಐದಕ್ಕೆ ನಾಲ್ಕು, ತರಬೇತಿಗೆ ಒಂದೂವರೆ. ಕರಾರು ನವೀಕರಿಸುವಾಗ 'ಭಾನುವಾರ ಸಂಜೆ, ಮನೆಗೊಬ್ಬರು, ಮೆಟ್ಟಿಲಿಳಿದು ಗೇಟಿನವರೆಗೆ' ಅಂತ ಬರೆಸಿ.