ಕುಮಟಾ ಹತ್ತಿರದ ಗೋಡಂಬಿ ಅಂಗಡಿ, ಹಿಂದೆಯೇ ಕಾರ್ಖಾನೆ

ಕುಮಟಾದಿಂದ ಹೊನ್ನಾವರದ ಕಡೆ ಹೋಗುವಾಗ ಸಿಗುವ ಈ ಪುಟ್ಟ ಅಂಗಡಿಯಲ್ಲಿ ಎರಡು ವರ್ಷದಿಂದ ಗೋಡಂಬಿ ತರುತ್ತಿದ್ದೇನೆ. ಹಿಂದೆಯೇ ಅವರದೇ ಕಾರ್ಖಾನೆ, ಕೇಳಿದರೆ ಒಳಗೆ ಬಿಡುತ್ತಾರೆ.

ನಾನು ಕೊಳ್ಳುವುದು ಡಬ್ಲ್ಯೂ 320 ಅನ್ನುವ ದರ್ಜೆಯದ್ದು. ಅಂದರೆ 454 ಗ್ರಾಂಗೆ 300ರಿಂದ 320 ಇಡೀ ಬೀಜ. ಮನೆಯಲ್ಲಿ ಒಮ್ಮೆ ತೂಕ ಮಾಡಿ ಎಣಿಸಿದೆ, ಲೆಕ್ಕ ಸರಿಯಿತ್ತು. ತುಂಡು ಕಡಿಮೆ, ಸಿಪ್ಪೆ ಅಂಟಿದ್ದು ಇಲ್ಲ.

ಆದರೆ ಬರೆಯಲೇಬೇಕು ಅನ್ನಿಸಿದ್ದು ಇದನ್ನು ನಡೆಸುವ ಅಕ್ಕನ ಬಗ್ಗೆ. ನಾನೂ ಬೇರೊಂದು ಕಾರ್ಖಾನೆಯಲ್ಲಿ ಶಿಫ್ಟ್ ನೋಡಿಕೊಳ್ಳುವವನು. ಗೆಂಬಾ (ಕೆಲಸ ನಡೆಯುವ ಜಾಗಕ್ಕೇ ಹೋಗಿ ನೋಡುವುದು), ಕೈಜೆನ್ (ಸ್ವಲ್ಪ ಸ್ವಲ್ಪವಾಗಿ ಸುಧಾರಿಸುತ್ತಾ ಹೋಗುವುದು) ಅಂತ ತರಬೇತಿ ಆಗಿದೆ. ಟೊಯೋಟಾದ ತಾಯಿಚಿ ಓನೊ ನೆಲದ ಮೇಲೆ ಸೀಮೆಸುಣ್ಣದಲ್ಲಿ ವೃತ್ತ ಬರೆದು, ಅದರೊಳಗೆ ನಿಂತು ಕೆಲಸ ನೋಡಿ ಅನ್ನುತ್ತಿದ್ದರು ಎಂದು ಅಲ್ಲಿ ಹೇಳಿಕೊಟ್ಟಿದ್ದರು. ಅದನ್ನು ಕಣ್ಣಾರೆ ಕಂಡದ್ದು ಮಾತ್ರ ಇಲ್ಲಿ.

ಕಳೆದ ಬೇಸಿಗೆಯಲ್ಲಿ ಇವರಿಗೆ ತುಂಡು ಜಾಸ್ತಿ ಬರತೊಡಗಿತಂತೆ. ಬೀಜ ಕತ್ತರಿಸುವ ಹೆಂಗಸರನ್ನು ಬೈದು ಮುಗಿಸಬಹುದಿತ್ತು. ಅಕ್ಕ ಬೈಯಲಿಲ್ಲ, ಚಿಪ್ಪಿನ ಎಣ್ಣೆ ಚರ್ಮ ಸುಡುತ್ತದೆ ಅಂತ ಕೈಗೆ ಎಣ್ಣೆ ಹಚ್ಚಿಕೊಂಡು ತಾವೇ ಕತ್ತರಿಸುವ ಯಂತ್ರದ ಮುಂದೆ ಎರಡು ದಿನ ಕೂತರು, ಆಗ ಪಕ್ಕದಲ್ಲಿದ್ದ ಹಿರಿಯ ಹೆಂಗಸು, "ಅಕ್ಕಾ, ಬೀಜದ ಬಿಸಿ ಇನ್ನೂ ಇಳಿದಿಲ್ಲ" ಅಂದರಂತೆ. ವಿಷಯ ಅದೇ. ಹಬೆಯಲ್ಲಿ ಬೇಯಿಸಿದ ಬೀಜವನ್ನು ರಾತ್ರಿಯಿಡೀ ಹರಡಿ ಆರಿಸಬೇಕು, ಆಗ ಚಿಪ್ಪು ಗಡುಸಾಗಿ ಒಳಗಿನ ತಿರುಳು ಬಿಡಿಸಿಕೊಳ್ಳುತ್ತದೆ. ಆರ್ಡರ್ ಗಡಿಬಿಡಿಯಲ್ಲಿ ಅಷ್ಟು ಹೊತ್ತು ಬಿಡುತ್ತಿರಲಿಲ್ಲ. ಈಗ ಪ್ರತಿ ರಾಶಿಯ ಪಕ್ಕ ಸ್ಲೇಟು ಇದೆ, ಬೇಯಿಸಿದ ದಿನ, ಹೊತ್ತು ಬರೆದಿರುತ್ತದೆ. ಅದನ್ನು ನೋಡದೆ ಅಕ್ಕನೂ ಬೀಜ ಮುಟ್ಟುವಂತಿಲ್ಲ! ಆ ಹೆಂಗಸೇ ಈಗ ರಾಶಿ ನೋಡಿಕೊಳ್ಳುತ್ತಾರೆ. ನನಗೆ ತುಂಬಾ ಇಷ್ಟವಾದದ್ದು ಇದು. ಗೊತ್ತಿದ್ದವರು ಮೊದಲಿಂದಲೂ ಅಲ್ಲೇ ಇದ್ದರು, ಕೇಳುವವರು ಹತ್ತಿರ ಬಂದು ಕೂತಿರಲಿಲ್ಲ, ಅಲ್ವಾ?

ಕೊರತೆಯೂ ಇದೆ. ಮಳೆಗಾಲದಲ್ಲಿ ಒಯ್ದ ಒಂದು ಪ್ಯಾಕೆಟ್ ಮೆತ್ತಗಾಗಿತ್ತು. ಹಿಂದಿರುಗಿಸಿದಾಗ ಅಕ್ಕ ಹಣ ಕೊಟ್ಟು ಸುಮ್ಮನಾಗಲಿಲ್ಲ, ನನ್ನನ್ನೂ ಕರೆದುಕೊಂಡು ಸೀಲ್ ಹಾಕುವ ಯಂತ್ರದ ಹತ್ತಿರ ಹೋಗಿ ಅದೇ ದಿನದ ಪ್ಯಾಕೆಟ್‌ಗಳನ್ನು ನೀರಲ್ಲಿ ಅದ್ದಿ ಗುಳ್ಳೆ ಬರುತ್ತದಾ ಅಂತ ನೋಡಿದರು. ಎರಡರಲ್ಲಿ ಬಂತು. ಸಿಪ್ಪೆ ಬಿಡಿಸುವ ಕೋಣೆಯಲ್ಲಿ ಬೆಳಕು ಮಾತ್ರ ಇನ್ನೂ ಸಾಲದು, ಹೆಂಗಸರು ಕಣ್ಣು ಕಿರಿದು ಮಾಡಿ ಕೂರುತ್ತಾರೆ. ಹೇಳಿ ಬಂದಿದ್ದೇನೆ.

ಬೆಳಿಗ್ಗೆ ಹೋಗಿ. ಹನ್ನೊಂದರವರೆಗೆ ಅಕ್ಕ ಒಳಗೇ ಇರುತ್ತಾರೆ, ಬಿಲ್ ಹುಡುಗ ಮಾಡುತ್ತಾನೆ.