ಎರೆ ಹೊಲಕ್ಕೆ ಯಾಶಿಕಾನೋ ಪೆಂಟಾಕ್ಸೋ?

ಮೊದಲೇ ಹೇಳಿಬಿಡುತ್ತೇನೆ, ನಾನು ಯಾಶಿಕಾ ಕಡೆಯವನು. ಎರಡು ವರ್ಷ ಯಾಶಿಕಾ ಮ್ಯಾಟ್ 124ಜಿ, ಪೆಂಟಾಕ್ಸ್ ಕೆ1000 ಎಂಬ ಎರಡೂ ಫಿಲ್ಮ್ ಕ್ಯಾಮೆರಾಗಳನ್ನು ಬೈಕಿನ ಮೇಲೆ ಹೇರಿಕೊಂಡು ಕಲಬುರಗಿ, ಬೀದರ್, ಶಹಾಪುರ ಸುತ್ತಿದ್ದೇನೆ. ಈಗ ಪೆಂಟಾಕ್ಸ್ ಮಾರಾಟಕ್ಕಿದೆ. ಆದರೂ ಈ ಬರಹದಲ್ಲಿ ಹೆಚ್ಚು ಬೈಸಿಕೊಳ್ಳುವುದು ಯಾಶಿಕಾವೇ.

ಯಾಶಿಕಾಕ್ಕೆ ಕೊಟ್ಟದ್ದು 14,000 ರೂಪಾಯಿ, ಪೆಂಟಾಕ್ಸಿಗೆ 9,000. ಯಾಶಿಕಾ ಮಾರಿದ ಅಂಗಡಿಯವನು ನನ್ನೆದುರೇ ಹೊಸ ಸೆಲ್ ಹಾಕಿ, ಮೇಲಿನ ಮುಚ್ಚಳ ತೆರೆದು, ಬೆಳಕು ಅಳೆಯುವ ಮೀಟರಿನ ಮುಳ್ಳು ಕುಣಿಯುವುದನ್ನು ತೋರಿಸಿದ. ಮುಳ್ಳು ಕುಣಿದದ್ದೇ ನನಗೆ ಸಾಕಾಯಿತು.

ಮೊದಲ ರೀಲನ್ನು ಜೇವರ್ಗಿ ದಾರಿಯಲ್ಲಿ ಮುಗಿಸಿದೆ. ಆಷಾಢದ ಮಳೆ ಬಿದ್ದು, ಹರಗಿಟ್ಟ ಎರೆ ಹೊಲಗಳು ಒದ್ದೆ ಕಂಬಳಿಯಂತೆ ಬಿದ್ದುಕೊಂಡಿದ್ದವು. ದಿಗಂತವನ್ನು ಮೇಲಕ್ಕೆ ಒತ್ತಿ, ಯಾಶಿಕಾದ ಚೌಕ ಚಿತ್ರದ ಮುಕ್ಕಾಲು ಪಾಲು ಮಣ್ಣನ್ನೇ ತುಂಬಿದೆ. ರೀಲಿನ ಹನ್ನೆರಡಕ್ಕೆ ಹನ್ನೆರಡೂ ಚಿತ್ರ ಚೆನ್ನಾಗಿ ಬಂದವು. ಮನೆಯಲ್ಲಿ ಸಿಕ್ಕವರಿಗೆಲ್ಲ ತೋರಿಸಿದೆ.

ಎರಡನೆಯ ರೀಲು ಬೀದರಿನ ಹತ್ತಿರದ ಅಷ್ಟೂರಿನದು. ಬಹಮನಿ ಸುಲ್ತಾನರ ಗೋರಿಗಳ ಸಾಲು, ಸಿಡಿಲು ಬಡಿದು ಸೀಳಿದ ಹುಮಾಯೂನನ ಗುಮ್ಮಟ, ಹಿಂದೆ ಬೆಳ್ಳನೆಯ ಆಕಾಶ. ಇಲ್ಲಿ ದಿಗಂತವನ್ನು ಕೆಳಗಿಟ್ಟು ಆಕಾಶಕ್ಕೇ ಹೆಚ್ಚು ಜಾಗ ಕೊಟ್ಟೆ. ತೊಳೆದು ಬಂದ ನೆಗೆಟಿವ್‌ಗಳು ಎಷ್ಟು ತೆಳುವಾಗಿದ್ದವೆಂದರೆ, ಹಿಂದೆ ಹಿಡಿದ ವರ್ತಮಾನಪತ್ರಿಕೆಯನ್ನು ಅವುಗಳ ಮೂಲಕವೇ ಓದಬಹುದಿತ್ತು. ನೆರಳಿನ ಜಾಗದಲ್ಲಿ ಏನೆಂದರೆ ಏನೂ ಇಲ್ಲ.

ಮೊದಲು ತೊಳೆದವರನ್ನು ಬೈದೆ. ಆಮೇಲೆ ಶಟರಿನ ಮೇಲೆ ಅನುಮಾನ. ತಪ್ಪು ಸೆಲ್ಲಿನದೆಂದು ತಿಳಿಯಲು ಮೂರನೆಯ ರೀಲೂ ಹಾಳಾಗಬೇಕಾಯಿತು. ಈ ಕ್ಯಾಮೆರಾದ ಮೀಟರನ್ನು 1.35 ವೋಲ್ಟಿನ ಪಾದರಸದ ಸೆಲ್ಲಿಗೆ ಹೊಂದಿಸಿ ಮಾಡಿದ್ದಾರೆ. ಪಾದರಸ ವಿಷವೆಂದು ಆ ಸೆಲ್ ಮಾರುಕಟ್ಟೆಯಿಂದ ಹೋಗಿ ಕಾಲವಾಯಿತು. ಅಂಗಡಿಯವನು ಹಾಕಿದ್ದು ಅದೇ ಅಳತೆಯ 1.5 ವೋಲ್ಟಿನ ಆಲ್ಕಲೈನ್ ಸೆಲ್. ವೋಲ್ಟೇಜು ಹೆಚ್ಚಾದರೆ ಮುಳ್ಳು ಹೆಚ್ಚು ಏರುತ್ತದೆ, ಬೆಳಕು ಇರುವುದಕ್ಕಿಂತ ಜಾಸ್ತಿ ಇದೆಯೆಂದು ಸುಳ್ಳು ಹೇಳುತ್ತದೆ. ಅದನ್ನು ನಂಬಿ ನಾನು ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ, ಕಿರಿದು ಮಾಡುತ್ತಿದ್ದೆ; ಫಿಲ್ಮಿಗೆ ಬೆಳಕು ಸಾಲದೆ ನೆಗೆಟಿವ್ ತೆಳುವಾಗುತ್ತಿತ್ತು.

ಹಾಗಾದರೆ ಮೊದಲ ರೀಲು ಬಚಾವಾದದ್ದು ಹೇಗೆ? ಎರೆ ಮಣ್ಣಿನ ಕೃಪೆ. ಇಂಥ ಮೀಟರು ಎದುರಿಗಿರುವುದೆಲ್ಲ ಸುಮಾರು ಶೇಕಡಾ 18ರಷ್ಟು ಬೆಳಕು ಹಿಂತಿರುಗಿಸುವ ಬೂದು ಬಣ್ಣವೆಂದೇ ಲೆಕ್ಕ ಹಾಕುತ್ತದೆ. ಒದ್ದೆ ಕರಿಮಣ್ಣು ಕಂಡರೆ ‘ಬೆಳಕು ಸಾಲದು, ಇನ್ನೂ ತೆರೆ’ ಎನ್ನುತ್ತದೆ. ಬೆಳ್ಳನೆಯ ಆಕಾಶ ಕಂಡರೆ ‘ಮುಚ್ಚು’ ಎನ್ನುತ್ತದೆ. ಜೇವರ್ಗಿಯಲ್ಲಿ ಮಣ್ಣು ತೆರೆಯಿಸಿದ್ದನ್ನು ಸೆಲ್ ಮುಚ್ಚಿಸಿತು, ಎರಡು ಸುಳ್ಳು ಸೇರಿ ಒಂದು ನಿಜವಾಯಿತು. ಅಷ್ಟೂರಿನಲ್ಲಿ ಆಕಾಶ, ಸೆಲ್ ಎರಡೂ ಒಂದೇ ಪಕ್ಷ ಸೇರಿಕೊಂಡವು. ನನ್ನ ಜಾಣತನವೆಂದು ತೋರಿಸಿಕೊಂಡು ತಿರುಗಿದ್ದು ಬರೀ ಮಣ್ಣಿನ ಬಣ್ಣ.

ಪರಿಹಾರ ಸಿಕ್ಕಿದ್ದು ಶ್ರವಣ ಯಂತ್ರದ ಅಂಗಡಿಯಲ್ಲಿ. ಅಲ್ಲಿ ಸಿಗುವ 675 ನಂಬರಿನ ಜಿಂಕ್-ಏರ್ ಸೆಲ್ ಸುಮಾರು 1.4 ವೋಲ್ಟ್ ಕೊಡುತ್ತದೆ. ಗಾತ್ರ ತುಸು ಚಿಕ್ಕದು, ಸುತ್ತ ರಬ್ಬರಿನ ಉಂಗುರ ಹಾಕಿದರೆ ಅಲುಗಾಡದೆ ಕೂರುತ್ತದೆ. ‘ಯಾರಿಗೆ ಬೇಕು ಸರ್, ತಂದೆಯವರಿಗೋ ತಾಯಿಯವರಿಗೋ?’ ಎಂದು ಅಂಗಡಿಯವರು ಕೇಳಿದರು. ಕ್ಯಾಮೆರಾಕ್ಕೆ ಎಂದೆ. ಅವರು ನನ್ನ ಕಿವಿಗಳನ್ನೇ ಒಮ್ಮೆ ನೋಡಿದರು. ಈ ಸೆಲ್ಲಿಗೂ ಒಂದು ರಗಳೆಯಿದೆ: ಮೇಲಿನ ಸ್ಟಿಕರ್ ಕಿತ್ತು ಗಾಳಿ ಸೋಕಿತೆಂದರೆ ಅದರ ದಿನಗಣನೆ ಶುರು, ಬಳಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಹಾಗಾಗಿ ಈಗ ಮೋಡವಿದ್ದಾಗ ಮಾತ್ರ ಸೆಲ್ ಹಾಕುತ್ತೇನೆ. ಬಿಸಿಲಿದ್ದರೆ ಹಳಬರ ಲೆಕ್ಕ: ಐಎಸ್‌ಒ (ಫಿಲ್ಮಿನ ವೇಗ) 100ರ ಫಿಲ್ಮಿಗೆ ಅಪರ್ಚರ್ ಎಫ್ 16, ಶಟರ್ ಸೆಕೆಂಡಿನ 125ನೇ ಒಂದು ಭಾಗ. ನಮ್ಮಲ್ಲಿ ಬಿಸಿಲಿಗೇನು ಬರ?

ಪೆಂಟಾಕ್ಸಿಗೆ ಈ ತಾಪತ್ರಯವಿಲ್ಲ. ಗಡಿಯಾರದ ಅಂಗಡಿಯ ಎಲ್‌ಆರ್44 ಸೆಲ್ ಸಾಕು. ಮೀಟರಿಗೆ ಸ್ವಿಚ್ಚಿಲ್ಲ, ಲೆನ್ಸಿನ ಮುಚ್ಚಳ ಹಾಕುವುದೇ ಸ್ವಿಚ್ಚು; ಮರೆತರೆ ಸೆಲ್ ಖಾಲಿ. ಸೆಲ್ ಸತ್ತರೂ ಎರಡರ ಶಟರೂ ನಡೆಯುತ್ತವೆ.

ಫಿಲ್ಟರ್ ವಿಷಯದಲ್ಲಿಯೂ ಪೆಂಟಾಕ್ಸ್ ಗೆಲ್ಲುತ್ತದೆ. ಕಪ್ಪು-ಬಿಳುಪಿನಲ್ಲಿ ನೀಲಿ ಆಕಾಶ ಗಾಢವಾಗಬೇಕಾದರೆ ಹಳದಿ ಅಥವಾ ಕೆಂಪು ಗಾಜು ಬೇಕು. ಅದರ ಮೀಟರ್ ಲೆನ್ಸಿನ ಮೂಲಕವೇ ನೋಡುವುದರಿಂದ ಗಾಜು ನುಂಗಿದ ಬೆಳಕೂ ಲೆಕ್ಕಕ್ಕೆ ಬರುತ್ತದೆ. ಯಾಶಿಕಾದ ಮೀಟರಿನ ಕಣ್ಣು ಹೊರಗಿದೆ. ಹಳದಿಗೆ ಒಂದು ಸ್ಟಾಪು (ಒಂದು ಸ್ಟಾಪೆಂದರೆ ಎರಡು ಪಟ್ಟು ಬೆಳಕು), ಕೆಂಪಿಗೆ ಮೂರು ಎಂದು ನಾನೇ ಸೇರಿಸಬೇಕು, ಮರೆಯುತ್ತೇನೆ. ಶಹಾಪುರದ, ಮಲಗಿದ ಬುದ್ಧನಂತೆ ಕಾಣುವ ಬೆಟ್ಟವೂ ಪೆಂಟಾಕ್ಸಿನ ಉದ್ದನೆಯ ಚೌಕಟ್ಟಿಗೇ ಸರಿ. ಚೌಕದಲ್ಲಿ ಬುದ್ಧನನ್ನು ಮಲಗಿಸಲು ಹೋದರೆ ಅರ್ಧ ಚಿತ್ರ ಖಾಲಿ.

ಯಾಶಿಕಾದಲ್ಲಿ ಮೇಲಿಂದ ಬಗ್ಗಿ ನೋಡುವ ಪರದೆಯಲ್ಲಿ ಎಡಬಲ ಅದಲುಬದಲಾಗಿ ಕಾಣುತ್ತದೆ, ವಾರದಲ್ಲಿ ರೂಢಿಯಾಗುತ್ತದೆ. ನೆಗೆಟಿವ್ ಪೆಂಟಾಕ್ಸಿನದಕ್ಕಿಂತ ಮೂರೂವರೆ ಪಟ್ಟು ದೊಡ್ಡದು. ಹೊಟ್ಟೆಯ ಮಟ್ಟದಲ್ಲಿ ಹಿಡಿದು ಬಗ್ಗಿ ನೋಡುವುದರಿಂದ ಹೂಬಿಟ್ಟ ತೊಗರಿ ಸಾಲಿನ ಎತ್ತರಕ್ಕೇ ಇಳಿಯಬಹುದು.

ಇಷ್ಟಾಗಿಯೂ ಪೆಂಟಾಕ್ಸ್ ಮಾರುತ್ತಿರುವುದೇಕೆ? ಅದರಲ್ಲಿ ರೀಲು ಮುಗಿಯುವುದಿಲ್ಲ. ನನಗೆ ಬಿಡುವು ತಿಂಗಳಿಗೆ ಒಂದು ಭಾನುವಾರ. ಒಂದು ಬೆಳಗಿನಲ್ಲಿ ಹತ್ತು, ಹೆಚ್ಚೆಂದರೆ ಹನ್ನೆರಡು ಸಲ ಗುಂಡಿ ಒತ್ತುವವನು ನಾನು. 36 ಚಿತ್ರದ ರೀಲು ಸಂಕ್ರಾಂತಿಗೆ ಹಾಕಿದರೆ ಏಪ್ರಿಲಿಗೂ ಉಳಿದಿರುತ್ತದೆ. ಅಷ್ಟರಲ್ಲಿ ಕಲಬುರಗಿಯಲ್ಲಿ 40 ಡಿಗ್ರಿ ದಾಟಿರುತ್ತದೆ, ಕ್ಯಾಮೆರಾ ಪಶ್ಚಿಮದ ಗೋಡೆಗೆ ಹತ್ತಿದ ಕಪಾಟಿನಲ್ಲಿ ಬೇಯುತ್ತಿರುತ್ತದೆ. ಹಾಗೆ ಬೆಂದ ಎರಡು ಬಣ್ಣದ ರೀಲುಗಳು ಮಂಕು ಬಡಿದು ಬಂದವು. ಯಾಶಿಕಾದಲ್ಲಿ ಹನ್ನೆರಡು ಮುಗಿಸಿ, ಹೊಲದಲ್ಲೇ ರೀಲು ಬಿಚ್ಚಿ, ಸೋಮವಾರ ಕೊರಿಯರಿಗೆ ಕೊಡುತ್ತೇನೆ. ಯಾವ ರೀಲಾದರೂ ನನಗೆ ಬೀಳುವುದು ಹೆಚ್ಚುಕಡಿಮೆ ಸಾವಿರ ರೂಪಾಯಿ, ಆದ್ದರಿಂದ ಯಾಶಿಕಾದ ಒಂದೊಂದು ಚಿತ್ರವೂ ಮೂರು ಪಟ್ಟು ದುಬಾರಿ, ನಿಜ. ಆದರೆ ಚಿತ್ರ ಕೈಗೆ ಬರುತ್ತದೆ. ಪ್ರತಿವಾರ ಊರು ಸುತ್ತುವವರು, ಮದುವೆ ಮುಂಜಿಗೂ ಒಂದೇ ಕ್ಯಾಮೆರಾ ಬೇಕೆನ್ನುವವರು ಕಣ್ಣುಮುಚ್ಚಿ ಪೆಂಟಾಕ್ಸ್ ಕೊಳ್ಳಲಿ.

ನನ್ನದನ್ನೇ ಕೊಂಡರೆ ಒಂದು ಮಾತು ನೆನಪಿರಲಿ: ಒಳಗೆ ರೀಲಿದೆ. ಎಣಿಕೆ 23ರಲ್ಲಿ ನಿಂತಿದೆ. ಮೊದಲ ಇಪ್ಪತ್ತು ಬುದ್ಧನ ಬೆಟ್ಟದವು, ತೊಳೆಸಿದ ಮೇಲೆ ನನಗೂ ಕಳಿಸಿ.